ಮಾನಸ ಅತ್ತಿರಲಿಲ್ಲ

ಫೆಬ್ರವರಿ 3, ಸೋಮವಾರ
ಮತ್ತೆ ಉಡಿಗಾಲ ಹಳ್ಳಿ. ಗುಂಡ್ಲುಪೇಟೆಯಿಂದ ಭಾನು ಮೇಡಂ ಕಾರಿನಲ್ಲೇ. ಹೊರದೇಶಕ್ಕೆ ದುಡಿಯಲು ಹೋಗಿ ಬಂದವರ ಮೇಲೆ ಅವರ ರಿಸರ್ಚ್. ತಿರುವನಂತಪುರದವರು, ಕನ್ನಡ ಅರೆಬರೆ. ಜನರ ಮಾತನ್ನು ಮಲಯಾಳಂಗೆ ದಾಟಿಸಲು ಎರಡೂ ಭಾಷೆ ಬಲ್ಲ ನಾಟಕದ ಮೇಷ್ಟ್ರು ನಾನು!

ಇಂದು ಮಾನಸ. ಕುವೈತ್‌ನಲ್ಲಿ ಮನೆಗೆಲಸ ಮಾಡಿ ಬಂದವಳು. ಕಾಳು ಕೇರುತ್ತಲೇ ಉತ್ತರ ಕೊಟ್ಟಳು.

“ಕೆಲ್ಸ ಜಾಸ್ತಿ ಮೇಷ್ಟ್ರೇ. ಜನ ಒಳ್ಳೇರು. ಪಾಸ್‌ಪೋರ್ಟ್ ಅವ್ರೇ ಇಟ್ಕೊಂಡಿದ್ರು, ಅದೊಂದಾಗ್ಬಾರ್ದು. ವಾರಕ್ಕೊಂದ್ ರಜ ಕೊಡಂಗೆ ಸರ್ಕಾರ ಮಾಡ್ಲಿ. ಮತ್ತೆ ಕರ್ದವ್ರೆ, ಓಯ್ತೀನಿ.”

ಇಷ್ಟೇ. ಸಪ್ಪೆ. ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಹಾಗೇ ದಾಟಿಸಲು ಮನಸ್ಸು ಬರಲಿಲ್ಲ. ಸ್ವಲ್ಪ ಬಣ್ಣ ಹಚ್ಚಿದೆ — ಹೊರಗಿನಿಂದ ಬೀಗ ಜಡಿದ ಕೋಣೆ... ಯಜಮಾನನ ಕೆಂಗಣ್ಣು... ಮೇಡಂ ಕಣ್ಣೊರೆಸಿಕೊಂಡರು. ಭಲೇ!

ಫೆಬ್ರವರಿ 20, ಗುರುವಾರ
ಚಾಮರಾಜನಗರದಲ್ಲಿ ವರದಿಯ ಸಭೆ. ಅಧಿಕಾರಿಗಳು, ಉಡಿಗಾಲದಿಂದ ಒಂದು ವ್ಯಾನ್ ಜನ. ಮೇಡಂ ಶಿಫಾರಸು — ಈ ಕಡೆಯ ಹೆಂಗಸರನ್ನು ಸದ್ಯ ಹೊರದೇಶದ ಮನೆಗೆಲಸಕ್ಕೆ ಕಳಿಸಬಾರದು. ಆ ಹೆಣ್ಣಿನ ಮಾತನ್ನು ನೀವೇ ಹೇಳಿ ಎಂದು ನನ್ನನ್ನು ಕರೆದರು. ಮೈಕ್ ಪಕ್ಕಕ್ಕೆ ತಳ್ಳಿದೆ. “ಅಯ್ಯೋ ವಿಧಿಯೇ!” ಎಂದು ಎತ್ತಿಕೊಂಡೆ. ಗೋಡೆ ನಡುಗಿತು. ಹೆಸರು ಹೇಳಲಿಲ್ಲ, ಊರು, ಕುವೈತ್ ಎರಡೂ ಹೇಳಿದೆ. ಕೊನೆಯಲ್ಲಿ ನಿಜವಾಗಿಯೂ ಅತ್ತೆ. ಚಪ್ಪಾಳೆ!

ಮೂರನೇ ಸಾಲಿನಲ್ಲಿ ಮಾನಸಳ ಗಂಡ ನಿಂಗರಾಜು. ಅವನು ಮಾತ್ರ ತಟ್ಟಲಿಲ್ಲ.

ಫೆಬ್ರವರಿ 26, ಬುಧವಾರ
ನಾಟಕದ ಪ್ರಾಕ್ಟೀಸ್ ನಡೆಯುವಾಗ ಮಾನಸ ಬಂದಳು. ಹಾರ್ಮೋನಿಯಂ ನಿಂತಿತು.

“ಮೇಷ್ಟ್ರೇ, ನಾ ಅತ್ತಿದ್ನಾ?”

“ಇಲ್ಲ ಕಣಮ್ಮ.”

“ಮತ್ತೆ ನೀವ್ಯಾಕತ್ರಿ?”

ಹಾರ್ಮೋನಿಯಂ ಮುಚ್ಚಿದೆ. 

“ನಮ್ಮೂರಿಂದ ಕುವೈತ್‌ಗೋದೋಳು ನಾನೊಬ್ಳೇ. ಈಗ ಬಾವಿತಾವ ಓದ್ರೆ ‘ಅಲ್ಲೇನೇನಾಯ್ತೋ’ ಅಂತ ಗುಸುಗುಸು. ನನ್ ಗಂಡ ಮೊಕ ಕೊಟ್ಟು ಮಾತಾಡಲ್ಲ. ಪಾಸ್‌ಪೋರ್ಟ್‌ನ ಟ್ರಂಕ್‌ಗಾಕಿ ಬೀಗ ಜಡ್ದವ್ನೆ. ನಿಮ್ ನಾಟಕ್ದಲ್ಲಿ ಒಂದ್ ಬೀಗ ಇತ್ತಲ್ಲ, ನೋಡಿ, ಈಗ ನಿಜವಾಗ್ಲೂ ಬಿತ್ತು.”

ಹುಡುಗರೆಲ್ಲ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಫೆಬ್ರವರಿ 27, ಬೆಳಿಗ್ಗೆ
ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ.  ಅವರು ಮಲಯಾಳಂನಲ್ಲಿ — “ನಿಮ್ಮನ್ನ ನಂಬಿ ಬರೆದೆನಲ್ಲ ಮಾಷೇ...” ಬೈದಿದ್ದರೆ ಚೆನ್ನಾಗಿತ್ತು. ಶಿಫಾರಸು ಹಿಂದಕ್ಕೆ ತೆಗೆದುಕೊಳ್ಳುತ್ತಾರಂತೆ. ಆದರೆ ಟ್ರಂಕಿನ ಬೀಗ?

ಮಾರ್ಚ್ 2, ಭಾನುವಾರ
ಉಡಿಗಾಲ. ಅವರ ಮನೆ ಜಗಲಿ. ನಿಂಗರಾಜು ಕೂತಿದ್ದ, ಬಾಗಿಲ ಬಳಿ ಮಾನಸ ಕಾಳು ಕೇರುತ್ತಿದ್ದಳು, ಅಕ್ಕಪಕ್ಕದವರು ಸೇರಿದರು. ಜನ ಕಂಡದ್ದೇ ತಡ, ಹಾಳು ಗಂಟಲು ತಾನಾಗಿ ಏರಿತು. “ಪಾಪಿ ನಾನು! ಸುಳ್ಳಾಡಿದ ನಾಲಿಗೆ ಇದು!”

ಎದುರುಮನೆಯ ಮುದುಕರು ದೊಡ್ಡಮಲ್ಲಪ್ಪ, “ಏನ್ ಗಂಟ್ಲು ಕಣ್ಲಾ!” ಎಂದು ಚಪ್ಪಾಳೆ ತಟ್ಟಿದರು.

ನಿಂಗರಾಜು ತಲೆ ಎತ್ತಲಿಲ್ಲ. “ಇದೂ ನಾಟ್ಕನಾ ಮೇಷ್ಟ್ರೇ?”

ಅವನ ಪಕ್ಕ ಕೂತೆ. ಮಾನಸ ಹೇಳಿದ್ದನ್ನು, ಅವಳು ಹೇಳಿದಂತೆಯೇ ಮೆಲ್ಲಗೆ ಹೇಳಿದೆ. ಕೆಲಸ ಜಾಸ್ತಿ. ಜನ ಒಳ್ಳೆಯವರು. ವಾರಕ್ಕೊಂದು ರಜ ಬೇಕು. ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಬೇಕು. ಉಳಿದದ್ದೆಲ್ಲ ನಾನು ಸೇರಿಸಿದ್ದು.

“ಏನಂದ್ರಿ? ಕೇಳ್ನಿಲ್ಲ,” ಎಂದರು ದೊಡ್ಡಮಲ್ಲಪ್ಪ.

ನಿಂಗರಾಜುವಿಗೆ ಕೇಳಿಸಿತ್ತು. ಎದ್ದು ಒಳಗೆ ಹೋದ. ಟ್ರಂಕಿನ ಬೀಗ ತೆಗೆದ ಸದ್ದು. ಮಾನಸ ಮೊರ ಕೆಳಗಿಟ್ಟಳು. ನಾನು — ಇಲ್ಲ, ಇದಕ್ಕೆ ಬಣ್ಣ ಹಚ್ಚುವುದಿಲ್ಲ.