ಬೀರು ಟವರೂ ಗೊಂಬೆ ಟವರೂ

ಮುಂಬೈ, ಮಂಗಳವಾರ

ಲಕ್ಷ್ಮೀಪುರಂ ಅಜ್ಜಿಗೆ ಮೌಳಿ ಮಾಡೋ ನಮಸ್ಕಾರ. ಫೋನಲ್ಲಿ ಹೇಳಿದ್ರೆ ನಿಂಗೆ ಅರ್ಧ ಕೇಳ್ಸಲ್ಲ, ಅದಕ್ಕೇ ಕಾರ್ಡು. ನಾನು ಹೇಳ್ತಿದ್ದೀನಿ, ರೂಮಿನ ನಿಶಾಂತ ಬರೀತಿದ್ದಾನೆ.

ಇಲ್ಲಿ ಎದುರುಬದುರು ಎರಡು ಟವರ್ ಇದಾವೆ ಕಣಜ್ಜಿ, ನಲವತ್ತು ನಲವತ್ತು ಅಂತಸ್ತು. ಒಂದು ಥೇಟ್ ನಿನ್ನ ತೇಗದ ಬೀರು, ಮೈಯೆಲ್ಲ ನುಣ್ಣಗೆ, ನೆತ್ತಿ ಮೇಲೆ ಕಮಾನು. ಇನ್ನೊಂದು ದಸರಾ ಗೊಂಬೆ ಕೂರ್ಸೋ ಮೆಟ್ಟಿಲಿನ ಥರ, ಮೇಲ್ಮೇಲೆ ಹೋಗ್ತಾ ಚಿಕ್ಕದು. ಹೊರಗಡೆ ಗಾಜು ತೊಳೆಯೋಕೆ ನಮ್ಮನ್ನ ಎರಡು ಗುಂಪು ಮಾಡಿ, ಮೊದಲು ಮುಗಿಸಿದೋರಿಗೆ ದಸರಾ ರಜ ಅಂದ್ರು. ನಾನು ನಿಂತು ಮೆಟ್ಟಿಲು ಎಣಿಸ್ದೆ. ಒಂಬತ್ತು! ಗೊಂಬೆ ಮೆಟ್ಟಿಲು ಬೆಸವೇ ಇರ್ಬೇಕು ಅಂತೀಯಲ್ಲ, ಅಜ್ಜಿ ಒಪ್ತಾಳೆ ಅಂತ ಅದನ್ನೇ ಕೇಳಿ ತಗೊಂಡೆ.

ನಮ್ಮ ಮೇಸ್ತ್ರಿ ಹುಬ್ಬಳ್ಳಿಯೋರು. "ಏ ಮೈಸೂರು, ಗಾಜು ತೊಳ್ಯಾಕ ಬಂದೀಯೋ, ಗೊಂಬಿ ಕುಂದ್ರಸಾಕ ಬಂದೀಯೋ?" ಅಂತ ನಕ್ಕರು.

ಮಾರನೇ ದಿನವೇ ಗಾಳಿ ಎದ್ದುಬಿಡ್ತು. ಬೀರು ಕಡೆಯೋರು ಉದ್ದ ಹಗ್ಗದಲ್ಲಿ ಉಯ್ಯಾಲೆ ಆಡಿ, ಹೆದರಿ ಇಳಿದುಬುಟ್ರು. ನಮಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಗೇಣುದ್ದ ಹಗ್ಗ, ಓಲಾಟವೇ ಇಲ್ಲ. ನಿನ್ನೆ ನಾವೇ ಮೊದಲು ಮುಗಿಸಿದ್ವಿ!

ಆರೋಗ್ಯ ಚೆನ್ನಾಗಿದೆ, ಅಂಗೈ ಮಾತ್ರ ಉರಿ. ಮುಂದಿನ ಶುಕ್ರವಾರ ಬಂದ್ಬುಡ್ತೀನಿ. ಹೋದ ವರ್ಷ ಗೊಂಬೆ ಪೆಟ್ಟಿಗೆ ಇಳಿಸೋರಿಲ್ಲ ಅಂತ ನೀನು ಹಬ್ಬಾನೇ ಬಿಟ್ಟಿದ್ದೆ. ಈ ಸಲ ನಾನು ಬರೋವರೆಗೂ ಪೆಟ್ಟಿಗೆ ಅಟ್ಟದ ಮೇಲೇ ಇರ್ಲಿ. ನೀನು ಸ್ಟೂಲ್ ಹತ್ತಬೇಡ ಕಣಜ್ಜಿ, ಅಷ್ಟು ಎತ್ತರ ಒಳ್ಳೇದಲ್ಲ.

ನಿನ್ನ ಮೌಳಿ