ಭೋಂಗಾ ಮೂರು ಸಲ

ಫೆಬ್ರುವರಿ ೩, ಸೋಮವಾರ

ಇವತ್ತೂ ಹೋಗಿದ್ದ. ಹಾಲು ಒಲೆಯ ಮೇಲಿತ್ತು. ಚಿಲಕ ಹಾಕಿದ್ದೇನೆ ಅಂದುಕೊಂಡಿದ್ದೆ — ಹಾಕಿರಲಿಲ್ಲ. ನೂಲಿನ ಗಿರಣಿಯ ಗೇಟಿನ ಮುಂದೆ ನಿಂತಿದ್ದ ಅಪ್ಪ. ತಲೆಗೆ ಪಟಕ, ಕೈಯಲ್ಲಿ ಬುತ್ತಿ ಡಬ್ಬಿ. ಡಬ್ಬಿಯೊಳಗೆ ನನ್ನ ಹೇರ್‌ಪಿನ್ನು, ಒಂದು ಹಸಿ ಬಟಾಟಿ.

"ಭೋಂಗಾ ಆಗೇತಿ. ಗೇಟ ಯಾಕ ತಗದಿಲ್ಲ ಇವರು?"

ಗಿರಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಭೋಂಗಾ, ಅದೇ ಪಾಳಿಗೆ ಕರೆಯುವ ದೊಡ್ಡ ಸೀಟಿ, ಅಂದಿನಿಂದ ಊದಿಲ್ಲ. ಅಪ್ಪನ ತಲೆಯೊಳಗೆ ಮಾತ್ರ ದಿನಾ ಊದುತ್ತದೆ. ಹೇಳಿದೆ. ಬೈದೆ. ಕೊನೆಗೆ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಚಿಮ್ಮಡದ ಆಟೋದವರೆಲ್ಲ ನೋಡಿದರು. ನೋಡಲಿ.

ರಬಕವಿಗೆ ಮುಟ್ಟುವಷ್ಟರಲ್ಲಿ ಲೇಟು. ನಾನು ಕೆಲಸ ಮಾಡುವ ಲ್ಯಾಬಿನ ಮುಂದೆ ರಕ್ತ ಕೊಡಲು ಬಂದವರ ಸಾಲು. ಡಾಕ್ಟರು ಗಡಿಯಾರ ನೋಡಿದರು. ನನ್ನನ್ನು ನೋಡಲಿಲ್ಲ.

ಫೆಬ್ರುವರಿ ೫

ನಮ್ಮ ಚಾಳಿಗೆ, ಗಿರಣಿ ಆಳುಗಳ ಮನೆಸಾಲಿಗೆ, ಜೀಪು ಬಂತು. ಗಿರಣಿಯ ಚಿಮಣಿ ಬಿರುಕು ಬಿಟ್ಟಿದೆಯಂತೆ, ಮದ್ದಿಟ್ಟು ಕೆಡವುತ್ತಾರಂತೆ. ಗುತ್ತಿಗೆದಾರನ ಕಡೆಯ ಇಂಜಿನಿಯರ್ ಅಮೋಲ — ಕೊಲ್ಹಾಪುರದ ಕಡೆಯ ಹುಡುಗ, ಮರ್ಯಾದಸ್ಥ — ನಮ್ಮ ಮನೆಗಳನ್ನು ನೋಡಿ ನಿಂತೇಬಿಟ್ಟ.

"ಮೇಡಮ್, ಇಷ್ಟ ಬಿಸಿಲಿನ ಊರಾಗ ಮನಿ ಮನಿಗೂ ಚಿಮಣಿ ಯಾಕ್ರೀ?"

ನಗು ಬಂತು. ಹೇಳಿದೆ. ಸಂಸ್ಥಾನದ ಕಾಲದಲ್ಲಿ ಗಿರಣಿ ಕಟ್ಟಲು ಬಂದ ಇಂಗ್ಲಿಷ್ ಸಾಹೇಬ ಮಷಿನ್ನುಗಳ ಜೊತೆ ತನ್ನೂರಿನ ನಕ್ಷೆಯನ್ನೂ ಹಡಗಿನಲ್ಲಿ ತಂದನಂತೆ. ಅವನ ಗಿರಣಿ ಹಳ್ಳಿ ಅಲ್ಲಿ ಹೇಗಿತ್ತೋ ಹಾಗೇ ಇಲ್ಲಿ. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಸಾಲು ಮನೆ, ಕಲ್ಲು ಹಾಸಿದ ಓಣಿ, ಓಣಿಯ ತುದಿಗೆ ಗೇಟು. ಹಿಮ ಜಾರಲಿ ಅಂತ ಕಡಿದಾದ ಛಾವಣಿ. ಪಡಸಾಲೆಯ ಗೋಡೆಯೊಳಗೆ ಚಳಿ ಕಾಯಿಸಿಕೊಳ್ಳುವ ಒಲೆ. ಸುತ್ತ ಕಪ್ಪು ಎರೆ ಭೂಮಿ, ಕಬ್ಬು, ಕೆನಾಲು, ಸುಡುವ ಬಿಸಿಲು — ನಡುವೆ ಒಂದು ತುಂಡು ಇಂಗ್ಲೆಂಡು. ನಮ್ಮವರು ಆ ಒಲೆಯಲ್ಲಿ ದೇವರನ್ನು ಕೂಡಿಸಿದರು. ನಮ್ಮನೆಯ ವೀರಭದ್ರನೂ ಅಲ್ಲೇ ಇದ್ದಾನೆ, ಹೊಗೆ ಹೋಗಲು ದಾರಿ ಇರುವ ದೇವರು.

ಬಾಗಿಲು ತೆರೆದರೆ ಗೇಟು ಕಾಣಬೇಕು, ಬೇರೇನೂ ಕಾಣಬಾರದು ಅಂತ ಕಟ್ಟಿಸಿದನಂತೆ ಸಾಹೇಬ. ಅಪ್ಪನಿಗೆ ಇವತ್ತಿಗೂ ಬೇರೇನೂ ಕಾಣುವುದಿಲ್ಲ. ನಾನಂತೂ ಕಾಣುವುದೇ ಇಲ್ಲ.

ಫೆಬ್ರುವರಿ ೧೧

ಒಳಗೇ ಹೋಗಿಬಿಟ್ಟಿದ್ದ! ಹತ್ತಿ ಗೋದಾಮಿನ ಹಿಂದೆ ಗೋಡೆ ಕುಸಿದು ಕಿಂಡಿಯಾಗಿದೆ. ಫೋನ್ ಬಂದಾಗ ಯಾರದೋ ಶುಗರ್ ಟೆಸ್ಟ್ ಮಾಡುತ್ತಿದ್ದೆ. ಹಾಗೇ ಬಿಟ್ಟು ಓಡಿದೆ.

ನೂಲು ತೆಗೆಯುವ ರಿಂಗ್ ಖಾತೆಯಲ್ಲಿ ಸಿಕ್ಕ. ಅಲ್ಲೇ ಜಾಬರ್ ಆಗಿದ್ದ ಅವನು. ಎಲ್ಲರಿಗಿಂತ ಮೊದಲು ಒಳಗೆ ಬಂದು ಆಳುಗಳನ್ನು ಮಷಿನ್ನಿಗೆ ಹಚ್ಚುವುದು, ಎಲ್ಲರನ್ನೂ ಕಳಿಸಿ ಕೊನೆಗೆ ಹೊರಡುವುದು ಅವನ ಕೆಲಸ. ಖಾಲಿ ಹಜಾರದ ನಡುವೆ ನಿಂತು ಯಾರಿಗೋ ಕೈ ಸನ್ನೆ ಮಾಡುತ್ತಿದ್ದ. ಮೇಲೆ ಪಾರಿವಾಳ, ಕೆಳಗೆ ಹೆಂಚಿನ ಚೂರು. ಕರೆದೆ, ಕೂಗಿದೆ, ಕಾಲು ಹಿಡಿದೆ. ಜಗ್ಗಲಿಲ್ಲ. ಅಳು ಬಂತು.

ಪಕ್ಕದ ಮನೆಯ ಲಗಮಕ್ಕ ಏದುಸಿರು ಬಿಡುತ್ತ ಬಂದಳು. ಇದೇ ಗಿರಣಿಯ ರೀಲಿಂಗಿನಲ್ಲಿ, ನೂಲು ಸುತ್ತುವ ಖಾತೆಯಲ್ಲಿ, ದುಡಿದವಳು.

"ಬಾಯಿಲೆ ಹೇಳಿದ್ರ ಆ ಗದ್ದಲದಾಗ ಕೇಳತೈತೇನ ಅವಗ? ಸರೀ ಅತ್ತಾಗ."

ಎದುರು ನಿಂತು ಎರಡೂ ಅಂಗೈಯಿಂದ ತನ್ನ ಎದೆ ಝಾಡಿಸಿಕೊಂಡಳು, ಅಂಟಿದ ಹತ್ತಿ ಉದುರಿಸುವ ಹಾಗೆ. ಅಪ್ಪ ನೋಡಿದ. ತಾನೂ ಝಾಡಿಸಿಕೊಂಡ. ಸುಮ್ಮನೆ ಮನೆಗೆ ಬಂದ.

ಪಾಳಿ ಮುಗಿಯಿತು ಅನ್ನಲು ಆ ಸನ್ನೆಯಂತೆ. ಮಷಿನ್ನಿನ ಸದ್ದಿನಲ್ಲಿ ಅವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಆ ಮನುಷ್ಯನ ಮಗಳಾಗಿ ಇಷ್ಟು ವರ್ಷ, ನನಗೊಂದು ಸನ್ನೆ ಗೊತ್ತಿಲ್ಲ.

ಅಮೋಲನಿಗೆ ಹೇಳಿ ಕಿಂಡಿಗೆ ಮುಳ್ಳಿನ ಜಾಲಿ ಕಂಟಿ ಹಾಕಿಸಿದೆ.

ಫೆಬ್ರುವರಿ ೧೯

ತಾರೀಖು ಗೊತ್ತಾಯಿತು. ಮಾರ್ಚ್ ಎರಡು, ರವಿವಾರ. ಚಿಮಣಿ ರಿಂಗ್ ಖಾತೆಯ ಮೇಲೇ ಬೀಳುವಂತೆ ಮದ್ದಿಡುತ್ತಾರೆ, ಎರಡೂ ಒಟ್ಟಿಗೆ ಹೋಗುತ್ತವೆ. ಚಾಳಿನವರೆಲ್ಲ ಶಾಲೆಯ ಮೈದಾನಕ್ಕೆ ಹೋಗಿ ಕೂರಬೇಕು.

ಓಣಿಯಲ್ಲಿ ಮೀಟಿಂಗು. ಅಮೋಲ ವಿವರಿಸಿದ, ಸೈರನ್ ಮೂರು ಸಲ. ಮೊದಲನೆಯದಕ್ಕೆ ಎಲ್ಲರೂ ದೂರ. ಎರಡನೆಯದಕ್ಕೆ ತಯಾರಿ. ಮೂರನೆಯದು ಊದಿದ ಕೂಡಲೇ ದೂರದಲ್ಲಿ ಕೂತ ಮದ್ದಿನವನು ಪೆಟ್ಟಿಗೆಗೆ ಕೀಲಿ ಹಾಕಿ ಗುಂಡಿ ಒತ್ತುತ್ತಾನೆ. ಹಿಂದಿನ ಸಾಲಿನ ಮುದುಕ ಹಣಮಪ್ಪ ಎದ್ದು ನಿಂತ.

"ಬಾಡಿಗಿ ಸೈರನ್ ಯಾಕ್ರೀ ಸಾಹೇಬ್ರ? ನಮ್ಮ ಭೋಂಗಾನ ಐತೆಲ್ಲ. ಸಾಯೂದ್ರಾಗ ಒಮ್ಮೆ ಕೇಳೂನು."

ಅಮೋಲ ಯೋಚಿಸಿದ. "ಕಂಪ್ರೆಸರ್ ಹಚ್ಚಿದ್ರ ಊದತೈತ್ರಿ... ನಡೀತೈತಿ."

ಎಲ್ಲರ ಕಣ್ಣಲ್ಲೂ ನೀರು. ಮೊದಲು ಚಪ್ಪಾಳೆ ತಟ್ಟಿದ್ದು ನಾನೇ.

ಫೆಬ್ರುವರಿ ೨೬, ಶಿವರಾತ್ರಿ

ಅಪ್ಪ ನನ್ನನ್ನು "ಸಾವಿತ್ರಿ" ಅಂದ. ಅವ್ವನ ಹೆಸರು. ಬುತ್ತಿ ಕಟ್ಟಿಲ್ಲವೆಂದು ಡಬ್ಬಿ ಎಸೆದ. ಹಣೆಗೆ ತಾಗಿತು. ಕೂತು ಅತ್ತೆ. ಅವನು ನನ್ನ ಪಕ್ಕ ಕೂತು ತಾನೂ ಅತ್ತ — ಯಾಕೆಂದು ಗೊತ್ತಿಲ್ಲದೆ.

ಒಮ್ಮೊಮ್ಮೆ ಅನ್ನಿಸುತ್ತದೆ, ಇದು ಮುಗಿಯಲಿ ಅಂತ. ಬರೆದೇಬಿಟ್ಟೆ. ಇರಲಿ.

ಮಾರ್ಚ್ ೨, ರವಿವಾರ, ಸಂಜೆ



ಮೈದಾನದಲ್ಲಿ ಶಾಮಿಯಾನ. ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದೆ, ಧೋತರದ ಚುಂಗು ನನ್ನ ಮುಷ್ಟಿಯಲ್ಲಿ. ಮೊದಲ ಭೋಂಗಾ ಊದಿತು. ಎದೆಯೊಳಗೆ ಇಳಿಯಿತು. ತಿರುಗಿ ನೋಡಿದರೆ ಮುದುಕರೆಲ್ಲ ಎದ್ದು ನಿಂತಿದ್ದಾರೆ. ಹಣಮಪ್ಪ ಬಗಲು ತಡಕಾಡುತ್ತಿದ್ದಾನೆ, ಬುತ್ತಿ ಹುಡುಕುವವನ ಹಾಗೆ. ತಲೆ ನೆಟ್ಟಗಿರುವವರೂ ಗಿರಣಿಯ ಕಡೆ ಹೆಜ್ಜೆ ಇಟ್ಟುಬಿಟ್ಟಿದ್ದರು.

ಆಗ ಹೊಳೆಯಿತು. ಗಿರಣಿಯಲ್ಲೂ ಭೋಂಗಾ ಮೂರೇ. ಮೊದಲನೆಯದಕ್ಕೆ ಮನೆ ಬಿಡು. ಎರಡನೆಯದಕ್ಕೆ ಮಷಿನ್ನಿನ ಮುಂದೆ ನಿಲ್ಲು. ಮೂರನೆಯದಕ್ಕೆ ಪಾಳಿ ಖಲಾಸ್. ಊರಿಗೆಲ್ಲ "ಓಡಿ ಹೋಗ್ರಿ" ಅನ್ನುವ ಸದ್ದು ನಮ್ಮ ಚಾಳಿಗೆ "ಒಳಗ ಬರ್ರಿ" ಅನ್ನುವ ಸದ್ದು. ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಚಪ್ಪಾಳೆ ತಟ್ಟಿದ ನನಗೂ.

ಹಣಮಪ್ಪ ಮುಗ್ಗರಿಸಿದ. ಹಿಡಿಯಲು ಹೋದೆ. ಧೋತರ ಬಿಟ್ಟೆ. ಅಷ್ಟೇ. ತಿರುಗಿದರೆ ಅಪ್ಪ ಇಲ್ಲ.

ಹಗ್ಗದ ಕೆಳಗೆ ನುಸುಳಿ ಓಡಿದೆ. ಹಿಂದೆ ಪೊಲೀಸರ ಸೀಟಿ. ಕೆನಾಲಿನ ದಂಡೆಯಿಂದ ಗೋದಾಮಿನ ಹಿಂದೆ. ಜಾಲಿ ಕಂಟಿ ಪಕ್ಕಕ್ಕೆ ಬಿದ್ದಿತ್ತು, ಮುಳ್ಳಿನಲ್ಲಿ ಧೋತರದ ಚೂರು. ಅಷ್ಟರಲ್ಲಿ ಎರಡನೆಯ ಭೋಂಗಾ.

ರಿಂಗ್ ಖಾತೆಯಲ್ಲಿ ನಿಂತಿದ್ದ. ಕೈ ಕಾಲೆಲ್ಲ ಗೀರು. ಮುಖ ಮಾತ್ರ... ಎಷ್ಟೋ ವರ್ಷಗಳಿಂದ ನೋಡಿರದ ಮುಖ. ಕಿಟಕಿಯಾಚೆ ಚಿಮಣಿಯ ಬುಡದಲ್ಲಿ ಮದ್ದಿನ ಕೆಂಪು ವೈರು.

ಎದೆ ಝಾಡಿಸಿಕೊಂಡೆ. ಅಪ್ಪ ತಲೆ ಅಲ್ಲಾಡಿಸಿದ. ಮತ್ತೆ ಝಾಡಿಸಿಕೊಂಡೆ. ಸಿಟ್ಟಿಗೆದ್ದ.

"ಭೋಂಗಾ ಆಗದ ಹೆಂಗ ಬಿಡ್ಲಿ? ಮಂದಿ ಮಷಿನ್ ಮ್ಯಾಲ ಅದಾರ!"

ಅವನು ಹೊರಗೆ ಬರಬೇಕಾದರೆ ಮೂರನೆಯ ಭೋಂಗಾ ಊದಬೇಕು. ಮೂರನೆಯ ಭೋಂಗಾ ಊದಿದರೆ ಗುಂಡಿ ಒತ್ತುತ್ತಾರೆ.

ಅಮೋಲನಿಗೆ ಫೋನು. ಎಂಗೇಜ್. ಮತ್ತೆ ಎಂಗೇಜ್. ವೀರಭದ್ರಾ! ಕೊನೆಗೆ ಅವನೇ ಮಾಡಿದ. ನಾವು ಒಳಗಿದ್ದೇವೆಂದು ಲಗಮಕ್ಕ ಅವನ ಅಂಗಿ ಹಿಡಿದು ಕೂತಿದ್ದಳಂತೆ, ಬಿಡಲೊಲ್ಲಳಂತೆ.

"ಮೇಡಮ್, ಮೂರನೇ ಭೋಂಗಾ ನಿಲ್ಲಿಸೇನ್ರಿ, ಹೊರಗ ಬರ್ರಿ ಲಗೂನ!"

"ಬರೂದಿಲ್ರೀ ಇವರು. ಭೋಂಗಾ ಊದಸ್ರಿ. ಮೊದಲ ಆ ಮದ್ದಿನವನ ಕೈಯಾಗಿಂದ ಕೀಲಿ ಕಸಗೊಳ್ರಿ, ಆಮ್ಯಾಲ ಊದಸ್ರಿ!"

"ಅವನ ಹತ್ರ ಫೋನ್ ಇಲ್ರಿ, ಓಡೇ ಹೋಗಬೇಕ್ರಿ. ಟೈಮ್ ಹತ್ತತೈತಿ. ನನ್ನ ಮ್ಯಾಲ ನಂಬಿಗಿ ಇಡ್ರಿ."

ಕಾದೆ. ಅಪ್ಪ ಸಾಲು ಸಾಲಿನ ನಡುವೆ ಅಡ್ಡಾಡುತ್ತಿದ್ದ. ಇಲ್ಲದ ಎಳೆ ಜೋಡಿಸಿದ. ಯಾರದೋ ಬೆನ್ನು ತಟ್ಟಿದ. ಓಡಿ ಹೋಗಬಹುದಿತ್ತು ನಾನು — ಯೋಚನೆ ಬಂತು, ಸುಳ್ಳು ಯಾಕೆ ಬರೆಯಲಿ. ಅವನ ಪಟಕ ಸಡಿಲಾಗಿತ್ತು. ಹೋಗಿ ಕಟ್ಟಿದೆ. ಕಟ್ಟಿಸಿಕೊಂಡ.

ಭೋಂಗಾ ಊದಿತು. ಕಣ್ಣು ಮುಚ್ಚಿದೆ.

ಏನೂ ಆಗಲಿಲ್ಲ. ಪಾರಿವಾಳ ಹಾರಿದವು. ಕಣ್ಣು ತೆರೆದರೆ ಅಪ್ಪ ಎದೆ ಝಾಡಿಸಿಕೊಳ್ಳುತ್ತಿದ್ದ. ಆದರೆ ಜಾಬರ್ ಅಲ್ಲವೇ — ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹೊರಗೆ ಕಳಿಸಿದ. ಖಾಲಿ ಗಾಳಿಗೆ "ನಡಿ, ನಡಿ" ಅಂದ. ನನ್ನನ್ನೂ ಕಳಿಸಿದ. ಎಲ್ಲರಿಗಿಂತ ಹಿಂದೆ ತಾನು ಬಂದ.

ಇಳಿಹೊತ್ತಿಗೆ ಬಾಡಿಗೆಯ ಸೈರನ್ ಊದಿ ಚಿಮಣಿ ಕೆಡವಿದರು. ಅಪ್ಪ ತಿರುಗಿಯೂ ನೋಡಲಿಲ್ಲ.

ಮಾರ್ಚ್ ೪

ಅಪ್ಪ ಎಲ್ಲಿಗೂ ಹೋಗಲಿಲ್ಲ. ಪಟಕ ಕೇಳಲಿಲ್ಲ. ಬಾಗಿಲು ತೆರೆದೇ ಇಟ್ಟಿದ್ದೆ. ನನಗೆ ಸಮಾಧಾನವಾಗಬೇಕಿತ್ತು.

ಗೇಟನ್ನೂ ಕಿತ್ತೊಯ್ದರು. ಬಾಗಿಲಾಚೆ ಈಗ ಬರೀ ಆಕಾಶ, ಧೂಳು, ದೂರಕ್ಕೆ ಕಬ್ಬು.

ಮಾರ್ಚ್ ೮

ಊಟ ಬಿಟ್ಟಿದ್ದಾನೆ. ಪಾಳಿ ಮುಗಿದವನಿಗೆ ಬುತ್ತಿ ಯಾಕೆ? ಜಮಖಂಡಿಯ ಡಾಕ್ಟರು ಸಲೈನ್ ಹಚ್ಚಿ ಕಳಿಸಿದರು. ನಾನೇ ರಕ್ತ ತೆಗೆದೆ, ನಾನೇ ಟೆಸ್ಟ್ ಮಾಡಿದೆ. ರಿಪೋರ್ಟ್ ಬರೆಯಲು ಕೈ ಬರಲಿಲ್ಲ.

ಹೋಗಬೇಡ ಹೋಗಬೇಡ ಅಂತ ಚಿಲಕ ಹಾಕಿದವಳು ನಾನೇ. ಈಗ ಬೇಡಿಕೊಳ್ಳುತ್ತೇನೆ — ಎದ್ದು ಗೇಟಿಗೆ ಹೋಗು ಅಪ್ಪಾ. ಗೇಟೇ ಇಲ್ಲ.

ಮಾರ್ಚ್ ೧೩, ಬೆಳಿಗ್ಗೆ

ಅಮೋಲ ಕಳಿಸಿದ ವಿಡಿಯೋದಲ್ಲಿ ಆವತ್ತಿನ ಭೋಂಗಾ ಇದೆ. ಮೊದಲನೆಯದು. ಅದೊಂದೇ ಉಳಿದ ದಾರಿ. ರೊಟ್ಟಿ ಮಾಡಿ ಬುತ್ತಿ ಕಟ್ಟಿದೆ, ಅನ್ನ ಬೇರೆ ಇಟ್ಟೆ. ಫೋನನ್ನು ದೇವರ ಒಲೆಯೊಳಗಿಟ್ಟು ಸೌಂಡ್ ಪೂರ್ತಿ ಮಾಡಿ ವಿಡಿಯೋ ಹಾಕಿದೆ. ಒಲೆಯೆಲ್ಲ ಮೊಳಗಿತು.

ಎದ್ದ! ಗೋಡೆ ಹಿಡಿದು ಎದ್ದು ನಿಂತ. ಡಬ್ಬಿ ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ. ಬಹಳ ಹೊತ್ತು ನನ್ನ ಮುಖ ನೋಡಿದ, ಹಣೆಯ ಗಾಯ ನೋಡಿದ. ಆಮೇಲೆ ಅಂಗೈಯಿಂದ ಝಾಡಿಸಿದ. ತನ್ನ ಎದೆಯಲ್ಲ. ನನ್ನ ಹೆಗಲು, ನನ್ನ ಸೆರಗು. ಇಲ್ಲದ ಹತ್ತಿಯನ್ನೆಲ್ಲ ಉದುರಿಸಿದ.

"ಸಾಕವ್ವಾ ಗಂಗಾ. ನಿನ್ನ ಪಾಳಿ ಆತು. ನೀ ಮುಂದ ನಡಿ, ಮನಿಗಿ ಹೋಗು."

ಗಂಗಾ ಅಂದ. ನನ್ನ ಹೆಸರು.

ಗೋಡೆಗೆ ಆನಿಕೊಂಡು ಕೂತಿದ್ದಾನೆ ಈಗ, ಬಾಗಿಲ ಕಡೆ ಕೈ ಮಾಡಿ ನಾನು ಹೋಗುವುದನ್ನೇ ಕಾಯುತ್ತಿದ್ದಾನೆ. ಎಲ್ಲರೂ ಹೋದ ಮೇಲೇ ಅವನು ಹೊರಡುವುದು. ನಾನು ಹೋಗುವುದಿಲ್ಲ. ಇಲ್ಲೇ ಬರೆಯುತ್ತ ಕೂರುತ್ತೇನೆ, ನನ್ನ ಪಾಳಿ ಇನ್ನೂ ಮುಗಿದಿಲ್ಲ ಅಪ್ಪಾ, ನೋಡು, ನಾನಿನ್ನೂ