ಕೋರ್ಟಿನಲ್ಲಿ ಉಳಿದ ಅರ್ಧ ಒಡಪು

ಹೊಳೆಯ ಆಚೆ ದಂಡೆಯ ಹೊಲದಲ್ಲಿ ಮಲಗಿರುವ ಮಾದೇವಿಯ ಅಪ್ಪನವರಿಗೆ, ಈಚೆ ದಂಡೆಯಿಂದ ನಿಮ್ಮ ಹೆಂಡತಿಯ ಶರಣಾರ್ಥಿ.

ಕಾಗದದ ನೆತ್ತಿಯ ಮೇಲೆ ಹೆಸರು ಹಾಕಬೇಕೆಂದು ಸಾಲಿ ಮಾಸ್ತರರು ಕಲಿಸಿದ್ದರು. ನಾನು ಕಲಿತದ್ದು ಕನ್ನಡ ಎರಡನೆಯ ಇಯತ್ತೆ. ಅದರಲ್ಲಿ ಗಂಡನಿಗೆ ಕಾಗದ ಬರೆಯುವ ಪಾಠ ಇರಲಿಲ್ಲ. ಕೈ ನಿಮ್ಮ ಹೆಸರಿನ ತನಕ ಬಂದು ನಿಂತುಬಿಟ್ಟಿತು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನನ್ನ ಅವ್ವ ಹೇಳಿದ್ದಳು. ಈಗ ನೀವೇ ಇಲ್ಲ, ಸವೆಯಲು ಆಯುಷ್ಯವೂ ಇಲ್ಲ. ಆದರೂ ಕೈ ಕೇಳುವುದಿಲ್ಲ. ಇರಲಿ, ಕೊನೆಗೆ ಬರೆಯುತ್ತೇನೆ. ಅಲ್ಲಿಯವರೆಗೆ ನೀವು ಮಾದೇವಿಯ ಅಪ್ಪ.

ನಿಮಗೆ ಒಂದು ಮಾತು ಮುಟ್ಟಿಸುವುದಿದೆ. ಅದರ ಅರ್ಧವನ್ನು ನೀವು ಕೋರ್ಟಿನಲ್ಲಿ ಎಲ್ಲರೆದುರಿಗೆ ಕೇಳಿದಿರಿ. ಇನ್ನರ್ಧವನ್ನು ಕೇಳುವ ಮೊದಲೇ ಎದ್ದು ಹೋದಿರಿ. ಊಟಕ್ಕೆ ಕುಳಿತರೂ ಹಾಗೆಯೇ ಮಾಡುತ್ತಿದ್ದಿರಿ, ಮಜ್ಜಿಗೆ ಬರುವ ಮೊದಲೇ ಕೈ ತೊಳೆಯುವ ಅವಸರ.

ನಮ್ಮ ಜಗಳ ಶುರುವಾದದ್ದು ತುಪ್ಪದಿಂದ. ನೆನಪಿದೆಯೇ? ಮಾದೇವಿಯ ತೊಟ್ಟಿಲ ದಿನ ನನ್ನ ತವರುಮನೆಯಲ್ಲಿ ಹೋಳಿಗೆಗೆ ತುಪ್ಪ ಸಾಲಲಿಲ್ಲವೆಂದು ನಿಮ್ಮ ಅವ್ವ ಎಲೆ ಬಿಟ್ಟು ಎದ್ದರು. ನನ್ನ ಅಣ್ಣ ಕುಬೇರಪ್ಪ ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ಹೆಣ್ಣ್ ಹುಟ್ಟೇತಿ ಅಂತ ನೀವು ಬರಿಗೈಲೆ ಬಂದ್ರಿ, ನಮಗ ತುಪ್ಪದ ಲೆಕ್ಕ ಕೇಳ್ತೀರೇನ್ರಿ?" ಎಂದ. ಅವರು ಹೊಳೆ ದಾಟಿ ಹೋದರು. ಬಾಣಂತನ ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆಯಬೇಕು, ಆಮೇಲೆ ಹೆಣ್ಣು ಹೋಗಬೇಕು. ಅದು ನಮ್ಮ ಪದ್ಧತಿ. ಕರೆಯದೆ ಹೋದವಳನ್ನು ಓಣಿಯವರು ಏನೆನ್ನುತ್ತಾರೆಂದು ನಿಮಗೇನು ಗೊತ್ತು? ನಾನು ಕೂಸಿಗೆ ಕುಲಾಯಿ ಹೊಲಿದು, ಬಟ್ಟೆ ಗಂಟು ಕಟ್ಟಿ ಕಾಯ್ದೆ. ಕುಲಾಯಿ ತಲೆಗೆ ಸಣ್ಣದಾಯಿತು. ಇನ್ನೊಂದು ಹೊಲಿದೆ. ಅದೂ ಸಣ್ಣದಾಯಿತು. ಮಾದೇವಿ ಪಾಟಿ ಹಿಡಿದು ಸಾಲಿಗೆ ಹೋಗುವಷ್ಟಾದಳು. ನೀವು ಬರಲಿಲ್ಲ.

ನಿಮ್ಮ ಬದಲು ಇಸ್ಮಾಯಿಲಸಾಬ ಬಂದ. ಕೋರ್ಟಿನ ಬೇಲೀಫ, ತಲೆಗೆ ಸರಕಾರದ ಟೊಪ್ಪಿಗೆ, ಹೆಗಲಿಗೆ ಚೀಲ. ಅಂಗಳದಲ್ಲಿ ನಿಂತು ಸಮನ್ಸು ಓದಿದ. ಹೆಂಡತಿಯನ್ನು ಬಾಳುವೆಗೆ ಕಳಿಸಿಕೊಡಬೇಕೆಂದು ನೀವು ದಾವೆ ಹಾಕಿದ್ದೀರಂತೆ, ನಾನು ಹಾಜರಾಗಬೇಕಂತೆ. ನನಗೆ ಅಂಗಾಲಿನಿಂದ ನೆತ್ತಿಯ ತನಕ ಉರಿ ಹತ್ತಿತು. ಹೆಂಡತಿಯನ್ನು ಕರೆಯಲು ಹೆಣ್ಣುಮಕ್ಕಳು ಬರುತ್ತಾರೆ, ಮೈದುನ ಬರುತ್ತಾನೆ, ಯಾರೂ ಇಲ್ಲದಿದ್ದರೆ ಬಂಡಿಯಾದರೂ ಬರುತ್ತದೆ. ಬೇಲೀಫ ಬರುತ್ತಾನೆಯೇ?

"ನನ್ನ ಕರಿಯಾಕ ಗಂಡನ ಮನಿಯಾವ್ರು ಬರಬೇಕು. ನೀ ಯಾರ ಮನಿಯಾಂವೋ?" ಎಂದೆ.

"ನಾ ಸರಕಾರದಾಂವ ಅವ್ವಾ, ಎಲ್ಲಾರ ಮನಿಯಾಂವ," ಎಂದ ಪುಣ್ಯಾತ್ಮ.

ನಾನು ಕಾಗದ ಮುಟ್ಟಲಿಲ್ಲ. ಅವನು ಚೀಲದಿಂದ ಹಿಟ್ಟಿನ ಅಂಟು ತೆಗೆದು ಬಾಗಿಲಿಗೆ ಹಚ್ಚಿದ. ತೆಗೆದುಕೊಳ್ಳದವರ ಬಾಗಿಲಿಗೆ ಅಂಟಿಸಿದರೆ ಮುಟ್ಟಿದ ಹಾಗೆಯೇ ಅಂತೆ. ಅವನು ಓಣಿ ತಿರುಗುವುದರೊಳಗೆ ಹಿಟ್ಟಿನ ವಾಸನೆಗೆ ಬಂದ ನಮ್ಮ ಆಡು ಕಾಗದವನ್ನು ಬಾಗಿಲಿನಿಂದ ಕಿತ್ತು ತಿಂದುಬಿಟ್ಟಿತು. ಕುಬೇರಪ್ಪ ಹಿಂದೆ ಓಡಿ ಹೋಗಿ ಕೇಳಿದ್ದಕ್ಕೆ ಇಸ್ಮಾಯಿಲಸಾಬ, "ಆಡು ತಿಂದ್ರ ಏನಾತು, ತಾರೀಖ ತಪ್ಪೂದಿಲ್ಲ. ಆಕಿನ್ನ ಕಳಸ್ರಿ, ಆಡಿನ್ನ ಬ್ಯಾಡ್ರಿ," ಎಂದನಂತೆ. ಊರೆಲ್ಲ ನಕ್ಕಿತು. ಬೇಲೀಫ ಬಂದನೆಂದರೆ ಮನೆ ಲಿಲಾವಿಗೆ, ಹರಾಜಿಗೆ ಬಂತೆಂದು ಕೆಲವರು ನೋಡಲು ಬಂದರು. ಆ ಸಿಟ್ಟಿನಲ್ಲೇ ನಾನು ಕೋರ್ಟಿಗೆ ಬಂದೆ.

ಯಾವ ಊರಿನ ಕೋರ್ಟು ಎಂದು ಬರೆಯುವುದಿಲ್ಲ. ನಿಮಗೆ ಗೊತ್ತಿದೆ, ಉಳಿದವರಿಗೆ ಬೇಕಿಲ್ಲ. ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ನೀವು ಬೇವಿನ ಗಿಡದ ಆಚೆ ಮಗ್ಗುಲು, ನಾನು ಈಚೆ ಮಗ್ಗುಲು. ಹೊಸ ರುಮಾಲು ಸುತ್ತಿದ್ದಿರಿ. ಕೋರ್ಟಿಗೆ ಹೊಸ ರುಮಾಲು ಯಾಕೆ ಎಂದು ಮನಸ್ಸಿನಲ್ಲೇ ಬೈದೆ. ನನ್ನನ್ನು ನೋಡಲು ಬರುವವರ ರುಮಾಲು ಅದು ಎಂದು ಆಗ ಹೊಳೆಯಲಿಲ್ಲ. ನಡುವೆ ಕಾರಕೂನರ ಕೋಣೆಯ ಕಿಟಕಿ ತೆರೆದಿತ್ತು. ಅಲ್ಲಿ ಕೆಂಪು ಬಟ್ಟೆಯ ದಪ್ತರಗಳು ಮಾಡಿನ ತನಕ. ಪರಮೇಶಪ್ಪ ಎಂಬ ಕಾರಕೂನರು ಬಂದವರ ಕಾಗದ ತೆಗೆದುಕೊಂಡು, ಸ್ಟಾಂಪು ನೋಡಿ, ನಂಬರು ಹಾಕಿ, ಗಂಟಿನಲ್ಲಿ ಸೇರಿಸುತ್ತಿದ್ದರು. ಯಾರು ಅತ್ತರೂ ಅಷ್ಟೇ, ಯಾರು ಒದರಿದರೂ ಅಷ್ಟೇ. ಒಬ್ಬ ಮುದುಕ ತನ್ನ ಬದುವಿನ ಕಥೆ ಹೇಳಲು ಶುರುಮಾಡಿದರೆ, "ಅದನ್ನ ಒಳಗ ಸಾಹೇಬರ ಮುಂದ ಹೇಳ್ರಿ, ಇಲ್ಲಿ ಬರೇ ಹೆಸರು ಹೇಳ್ರಿ," ಎಂದರು. ಈ ಮನುಷ್ಯ ಉಪ್ಪಿಲ್ಲದ ರೊಟ್ಟಿ ಎಂದುಕೊಂಡೆ.

ಆಮೇಲೆ ಪಟ್ಟೇವಾಲಾ ಹೊರಗೆ ಬಂದು ಕೂಗಿದ: "ಶೇಖವ್ವ ಕೋಂ ಹೊಳ..."

ನೋಡಿ, ಇಲ್ಲಿಯೂ ಕೈ ನಿಂತಿತು. ಅವನು ಪೂರ್ತಿ ಕೂಗಿದ, ಬೀದಿಯ ಎತ್ತುಗಳು ಕಿವಿ ನಿಮಿರಿಸುವ ಹಾಗೆ. ಇಂಥವನ ಹೆಂಡತಿ ಇಂಥವಳು ಎನ್ನುವುದಕ್ಕೆ ಸರಕಾರದ ಕಾಗದದಲ್ಲಿ 'ಕೋಂ' ಎಂದು ಬರೆಯುತ್ತಾರೆ. ಎಷ್ಟು ಸಣ್ಣ ಅಕ್ಷರ! ಅದರ ಈಚೆಗೆ ನಾನು, ಆಚೆಗೆ ನೀವು. ನಮ್ಮಿಬ್ಬರ ಹೆಸರನ್ನು ಒಂದೇ ಉಸಿರಿನಲ್ಲಿ ಯಾರಾದರೂ ಕೂಗಿದ್ದು ಅದೇ ಮೊದಲು. ಮೊದಲ ಕೂಗಿಗೇ ಏಳಬೇಕಿತ್ತು, ಏಳಲಿಲ್ಲ. ಕೋರ್ಟಿನವರು ಮೂರು ಸಲ ಕೂಗುತ್ತಾರೆಂದು ಕುಬೇರಪ್ಪ ಹೇಳಿದ್ದ. ಮೂರನ್ನೂ ಕೇಳಿಯೇ ಎದ್ದೆ. ನಾನು ಸೊಕ್ಕಿನಿಂದ ಕುಳಿತೆನೆಂದು ನೀವು ತಿಳಿದಿರಬೇಕು. ಇನ್ನೊಮ್ಮೆ ಕೇಳುವ ಆಸೆಗೆ ಕುಳಿತಿದ್ದೆ, ಅಷ್ಟೇ.

ಒಳಗೆ ಪರಮೇಶಪ್ಪನವರೇ ಪ್ರಮಾಣ ಮಾಡಿಸಿ ಹೆಸರು ಕೇಳಿದರು. ಹೇಳಿದೆ. ಗಂಡನ ಹೆಸರು ಕೇಳಿದರು.

"ನಿಮ್ಮ ಕಾಗದದಾಗ ಬರದೈತಲ್ರಿ," ಎಂದೆ.

"ಕಾಗದದಾಗ ಇದ್ದದ್ದು ಸಾಲೂದಿಲ್ಲ ತಂಗಿ, ನಿನ್ನ ಬಾಯಿಲೆ ಬರಬೇಕು."

"ಹೊರಗ ನಿಮ್ಮ ಪಟ್ಟೇವಾಲಾ ಒದರಿದ್ನಲ್ರಿ, ಕಿವಿ ಇಲ್ಲೇನ್ರಿ ನಿಮಗ?"

ಆಗ ನಿಮ್ಮ ವಕೀಲ ಎದ್ದ. ಕೋಟಿನ ಗುಂಡಿ ಕಿತ್ತು ಹೋದವನು, ಅವನೇ. ಹೆಸರು ಹೇಳಲು ಒಲ್ಲೆನೆಂದರೆ ಗಂಡನನ್ನೇ ಒಲ್ಲೆನೆಂದ ಹಾಗೆ, ಹಾಗೆಂದು ಬರೆದುಕೊಳ್ಳಬೇಕು ಎಂದ. ಹೆಸರು ಹೇಳಿದರೆ ನಿಮ್ಮ ಆಯುಷ್ಯಕ್ಕೆ ಕುತ್ತು, ಹೇಳದಿದ್ದರೆ ಆ 'ಕೋಂ' ಹೋಗುತ್ತದೆ. ನಾನು, ಓಣಿಯಲ್ಲಿ ಬಾಯಿಗೆ ಹೆಸರಾದ ಶೇಖವ್ವ, ಬಾಯಿ ಬಿಡಲಾರದೆ ನಿಂತೆ.

ಪರಮೇಶಪ್ಪನವರು ಲೇಖನಿ ಕೆಳಗಿಟ್ಟರು. "ಒಡಪಿನಾಗರ ಹೇಳ್ ತಂಗಿ, ಅದಕ್ಕ ದೋಷ ಇಲ್ಲ," ಎಂದರು. ಮದುವೆಯಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದ ನಡುವೆ ಮುಚ್ಚಿಟ್ಟು ಹೇಳುವುದು ಜಡ್ಜ ಸಾಹೇಬರಿಗೆ ತಿಳಿಯಲಿಲ್ಲ. ಅವರು ಪುಣೆಯ ಕಡೆಯವರು. ಪರಮೇಶಪ್ಪನವರು ಮರಾಠಿಯಲ್ಲಿ "ಉಖಾಣಾ, ಸಾಹೇಬ" ಎಂದ ಮೇಲೆ ಅವರು ಮೀಸೆಯಲ್ಲಿ ನಕ್ಕು ತಲೆಯಾಡಿಸಿದರು.

ನಿಂತ ನಿಲುವಿನಲ್ಲಿ ಕಟ್ಟಿದ ಒಡಪು ಅದು. ಮೊದಲಿಗೆ ಚಿವುಟಬೇಕು, ಆಮೇಲೆ ಸವರಬೇಕು. ನಮ್ಮ ಕಡೆಯ ಒಡಪಿನ ಕ್ರಮವೇ ಹಾಗೆ. ನಾನು ಹೇಳಿದೆ:

"ವರದಾ ಹೊಳ್ಯಾಗ ನೀರಿಲ್ಲ, ದಾಟಾಕ ದೋಣಿ ಬೇಕಿಲ್ಲ,
ಹೊಳಿ ಹೆಸರಿಟ್ಟಕೊಂಡ ಹೊಳಬಸಪ್ಪಗ ಹೊಳಿ ದಾಟೂ ಧೈರ್ಯ ಇಲ್ಲ..."

ಉಸಿರು ತೆಗೆದುಕೊಳ್ಳಲು ನಿಂತೆ, ಅಷ್ಟೇ. ಕೋರ್ಟಿಗೆ ಕೋರ್ಟೇ ನಕ್ಕಿತು. ವಕೀಲ ನಕ್ಕ, ಪಟ್ಟೇವಾಲಾ ನಕ್ಕ, ಬಾಗಿಲಲ್ಲಿ ನಿಂತ ಇಸ್ಮಾಯಿಲಸಾಬ ಟೊಪ್ಪಿಗೆ ತೆಗೆದು ಬಾಯಿಗೆ ಹಿಡಿದ. ಆ ನಗೆಯ ಗದ್ದಲದಲ್ಲಿ ನಾನು ಕೊನೆಯ ಸಾಲು ಹೇಳಿದೆ. ಹೇಳಿದೆ, ಬಸವಣ್ಣನಾಣೆ. ನೀವು ಅಷ್ಟರಲ್ಲಿ ಎದ್ದು ನಿಂತಿದ್ದಿರಿ, ಕಿವಿ ಕೆಂಪಾಗಿತ್ತು. "ದಾವೆ ಹಿಂದಕ್ಕ ತಗೋತೇನ್ರಿ ಸಾಹೇಬ್ರ. ನನಗ ಏನೂ ಬ್ಯಾಡ," ಎಂದಿರಿ. ಹೊಸ ರುಮಾಲಿನ ಸೆರಗು ಬಾಗಿಲಿಗೆ ಸಿಕ್ಕಿತು. ಬಿಡಿಸಿಕೊಳ್ಳಲೂ ನಿಲ್ಲದೆ ಜಗ್ಗಿಕೊಂಡು ಹೋದಿರಿ.

ಪರಮೇಶಪ್ಪನವರು ನಿಮ್ಮ ಹೆಸರೊಂದನ್ನೇ ಬರೆದಿದ್ದರು. "ಇನ್ನರ್ಧ ಐತ್ರಿ, ಅದನ್ನೂ ಬರಕೊಳ್ರಿ," ಎಂದೆ. "ಕೋರ್ಟಿಗೆ ಹೆಸರಷ್ಟ ಸಾಕು ತಂಗಿ," ಎಂದು ಮಸಿ ಆರಲೆಂದು ಅದರ ಮೇಲೆ ಮರಳು ಚೆಲ್ಲಿದರು. ನಾನು ಹೊರಗೆ ಬಂದಾಗ ಬೇವಿನ ಗಿಡದ ಆಚೆ ಮಗ್ಗುಲು ಬರಿದಾಗಿತ್ತು.

ಆಮೇಲಿನ ವರ್ಷಗಳ ಬಗ್ಗೆ ಹೇಳುವುದೇನಿದೆ? ನಿಮ್ಮ ಅವ್ವ ತೀರಿದಾಗ ಇನ್ನಾದರೂ ಬರುತ್ತೀರೆಂದು ಅಂಗಳ ಸಾರಿಸಿದೆ. ನೀವು ಬರಲಿಲ್ಲ. ನೀವು ಇನ್ನೊಂದು ಮದುವೆಯಾಗಲಿಲ್ಲವೆಂದು ಕೇಳಿ ಹಿಗ್ಗಿದೆ, ಹಿಗ್ಗಿದ್ದಕ್ಕೆ ನನಗೇ ಸಿಟ್ಟು ಬಂತು. ಮಾದೇವಿಯನ್ನು ಅಬಲೂರಿಗೆ ಕೊಡುವುದು ಗೊತ್ತಾದಾಗ ವೀಳ್ಯದೆಲೆ ತರಲು ಸವಣೂರಿಗೆ ಹೋಗಿದ್ದೆ. ಎಲೆ ಪೇಟೆಯಲ್ಲಿ ಪರಮೇಶಪ್ಪನವರು ಸಿಕ್ಕರು. ನೌಕರಿ ಮುಗಿಸಿ ಅಲ್ಲೇ ಮಗಳ ಮನೆಯಲ್ಲಿದ್ದರು. ನನ್ನ ಗುರುತು ಹಿಡಿದು, "ಒಡಪಿನ ಶೇಖವ್ವ ಅಲ್ಲೇನ?" ಎಂದರು. ನೀವು ದಾವೆ ಹಾಕಲು ಬಂದ ದಿನದ ಮಾತು ನನಗೆ ತಿಳಿದದ್ದು ಅಂದೇ.

ಆ ದಿನ ನೀವು ಕಿಟಕಿಯ ಹತ್ತಿರ ನಿಂತು ಕೇಳಿದ್ದಿರಂತೆ: "ನೀ ಆಕಿ ತವರಮನಿ ಹೊಸ್ತಿಲಾ ತುಳದ್ರ ನನ್ನ ಹೆಣಾ ತುಳದಂಗ ಅಂತ ಅವ್ವ ಆಣಿ ಹಾಕ್ಯಾಳ್ರಿ. ನಾ ಹೋಗಾಕ ಬರೂದಿಲ್ಲ. ಕೋರ್ಟ್ ಕರದ್ರ ಬರ್ತಾಳಲ್ರಿ?" ಅವರು ಅಂದಿದ್ದರಂತೆ: "ಬರ್ತಾಳ, ಬರಲೇಬೇಕು." ನೀವು ಕೈಮುಗಿದು, "ಹಂಗಾದ್ರ ಕರದಬಿಡ್ರಿ," ಎಂದು ಕಾಗದ ಕೊಟ್ಟು, ನಗುತ್ತ ಮೆಟ್ಟಿಲಿಳಿದಿರಂತೆ.

ಅಯ್ಯೋ ನನ್ನ ಹುಚ್ಚಪ್ಪಾ! ಸಮನ್ಸನ್ನು ನೀವು ಕರೆ ಎಂದುಕೊಂಡಿರಿ. ಮದುವೆಯ ಅಕ್ಕಿ ಕಾಳಿಗೆ ಕರೆದ ಹಾಗೆ, ಹಬ್ಬಕ್ಕೆ ಕರೆದ ಹಾಗೆ. ನಾನು ಅದನ್ನು ಚಪ್ಪಲಿ ಏಟು ಎಂದುಕೊಂಡೆ. "ನೀವರ ಒಂದು ಮಾತು ತಿಳಿಸಿ ಹೇಳಬಾರದಾಗಿತ್ತೇನ್ರಿ ಅವ್ರಿಗೆ?" ಎಂದು ಪರಮೇಶಪ್ಪನವರನ್ನು ಕೇಳಿದೆ. ಅವರು ಒಂದು ಎಲೆಯ ತೊಟ್ಟು ಮುರಿದರು. "ಕಾಗದ ತಗೊಳ್ಳೂದು, ನಂಬರ ಹಾಕೂದು, ಸಮನ್ಸ ಕಳಸೂದು ನಮ್ಮ ಕೆಲಸ. ಹಿಂಗ ಮಾಡು, ಹಂಗ ಮಾಡಬ್ಯಾಡ ಅಂತ ಹೇಳಾಕ ನಮಗ ಹಕ್ಕಿಲ್ಲವ್ವಾ. ಒಬ್ಬಗ ಹೇಳಿದ್ರ ಎದುರಿನಾಂವ ಎಲ್ಲಿ ಹೋಗಬೇಕು?" ಎಂದರು. ಸರಿಯಾದ ಮಾತೇ. ಸರಿಯಾದ ಮಾತಿನಿಂದ ಕೆಟ್ಟ ಸಂಸಾರ ನಮ್ಮದು.

ಮಾದೇವಿಯ ಮದುವೆಗೆ ನೀವು ಬಂದಿರಿ. ಮಗಳನ್ನು ಧಾರೆ ಎರೆಯಲು ಅಪ್ಪ ಬೇಕಲ್ಲ, ಕುಬೇರಪ್ಪನೇ ಬಂದು ಕರೆದಿದ್ದ. ನನ್ನ ಪಕ್ಕದಲ್ಲಿ ಕುಳಿತಿರಿ. ತಲೆ ಬೆಳ್ಳಗಾಗಿತ್ತು. ನನ್ನ ಕೈಯ ಮೇಲೆ ನಿಮ್ಮ ಕೈ, ನಡುವೆ ನೀರು. ನನಗೆ ಎಲ್ಲ ತಿಳಿದಿದೆ ಎಂದು ಹೇಳಬೇಕೆಂದಿದ್ದೆ. ಜನದ ನಡುವೆ ಹೇಗೆ ಹೇಳಲಿ? ಒಡಪಿನಲ್ಲಿ ಹೇಳಿದರಾಯಿತೆಂದು ಕಾಯ್ದೆ. ಊಟದ ಪಂಕ್ತಿಯಲ್ಲಿ ಹೆಂಗಸರು ಗದ್ದಲ ಎಬ್ಬಿಸಿದರು: "ಶೇಖವ್ವ ಒಡಪ ಹಾಕಲಿ! ಶೇಖವ್ವ ಒಡಪ ಹಾಕಲಿ!" ಕೊನೆಯ ಸಾಲಿನಿಂದಲೇ ಶುರುಮಾಡಬೇಕೆಂದು ಬಾಯಿ ತೆರೆದೆ. ನೀವು ಎಲೆ ಬಿಟ್ಟು ಎದ್ದಿರಿ. "ಎತ್ತಿಗೆ ನೀರು ಕುಡಸಬೇಕು," ಎಂದಿರಿ. ಬಂಡಿ ಹೂಡಿದ ಸದ್ದು ಕೇಳಿತು. ಮಜ್ಜಿಗೆ ಇನ್ನೂ ಬಂದಿರಲಿಲ್ಲ.

ಈ ಸಲ ಮಳೆ ಹಿಡಿಯುವ ಮೊದಲು ನಿಮ್ಮ ಸುದ್ದಿ ಬಂತು. ಯಾರಾದರೂ ಕರೆಯಲೆಂದು ನಾನು ಕಾಯಲಿಲ್ಲ. ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದ ಮಾದೇವಿಯನ್ನು ಜೊತೆಗೆ ಕರೆದುಕೊಂಡು ಹೊಳೆ ದಾಟಿದೆ. ನೀರು ಕಾಲ ಹರಡಿನ ತನಕವೂ ಇರಲಿಲ್ಲ. ಇಷ್ಟೇ ಇಷ್ಟು ಹೊಳೆ! ಮಣ್ಣು ಕೊಟ್ಟು ಬಂದ ಮೇಲೆ ನಿಮ್ಮ ನೆರೆಮನೆಯ ಸುಶೀಲವ್ವ ನನ್ನ ಬಳೆ ತೆಗೆಯುತ್ತ ಹೇಳಿದಳು: "ಸೋಮವಾರಕ್ಕೊಮ್ಮೆ ಬಂಡಿ ಹೂಡಿ ಹೊಳೀತನಕ ಹೋಗಾಂವ ಎಕ್ಕಾ. ಎತ್ತಿಗೆ ನೀರು ಕುಡಿಸಿ, ಆಚಿ ದಂಡಿ ನೋಡಿ, ಹೊಳ್ಳಿ ಬರಾಂವ. ಮನಿ ಬಾವ್ಯಾಗ ನೀರು ಇರ್ತಿದ್ವು." ಅವಳು ಬಳೆ ತೆಗೆದಳು. ನಾನು ಅಳಲಿಲ್ಲ. ಸಿಟ್ಟು ಬಂತು. ಎತ್ತುಗಳಾದರೂ ಒಂದು ದಿನ ತಾವಾಗಿ ನಡೆದು ಬರಬಾರದಾಗಿತ್ತೇ?

ಇನ್ನು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಯಾರೂ ನಗುತ್ತಿಲ್ಲ, ಅಂಗಳದಲ್ಲಿ ಆಡು ಒಂದೇ ಇದೆ. ಎದ್ದು ಹೋಗಬೇಡಿ. ಅಂದಿನ ಒಡಪು ಪೂರ್ತಿ ಹೀಗಿತ್ತು:

ವರದಾ ಹೊಳ್ಯಾಗ ನೀರಿಲ್ಲ, ದಾಟಾಕ ದೋಣಿ ಬೇಕಿಲ್ಲ,
ಹೊಳಿ ಹೆಸರಿಟ್ಟಕೊಂಡ ಹೊಳಬಸಪ್ಪಗ ಹೊಳಿ ದಾಟೂ ಧೈರ್ಯ ಇಲ್ಲ;
ನಡುಹೊಳಿತನಕ ಬಂದು ಕರದ್ರ ಸಾಕು, ಶೇಖವ್ವ ಒಲ್ಲೆ ಅನ್ನಾಕಿ ಅಲ್ಲ.

ಕೇಳಿಸಿತೇ?

ಇದ್ದಲ್ಲಿ ತಂಪಾಗಿರಿ. ನಿಮ್ಮ ಅವ್ವ ಅಲ್ಲಿ ಸಿಕ್ಕರೆ ತುಪ್ಪದ ಮಾತು ತೆಗೆಯಬೇಡಿ. ನನ್ನ ತಾರೀಖು ಬಂದ ದಿನ ಬೇಲೀಫನನ್ನು ಕಳಿಸಬೇಡಿ, ನೀವೇ ನಡುಹೊಳೆಯ ತನಕ ಬನ್ನಿ. ಮೂರು ಸಲ ಕೂಗುವ ದಣಿವು ಬೇಡ. ಈ ಸಲ ಮೊದಲ ಕೂಗಿಗೇ ಏಳುತ್ತೇನೆ.

ಇಂತಿ,
ಶೇಖವ್ವ ಕೋಂ ಹೊಳಬಸಪ್ಪ